ಪಾಸಾಗದ ಕೊನೆಯ ಪಾಠ

ಕಥೆ ಮತ್ತೆ ವಾಪಸ್ ಬಂತು.

ಅಂಚೆಯವನು ಕಂದು ಲಕೋಟೆಯನ್ನು ಕತ್ತರಿ, ಗುಂಡಿ, ನೀಲಿ ರಿಬ್ಬನ್ನುಗಳ ನಡುವೆ ಇಟ್ಟು ಹೋದ ಮೇಲೆ ಜುಲ್ಮಾ ಅದನ್ನು ಕೈಯಲ್ಲಿ ಎತ್ತಿ ನೋಡಿದಳು. ಭಾರವಾಗಿತ್ತು. ಈ ಕೊನೆಯ ಪಾಠ ಪಾಸಾಗಿದ್ದರೆ ಕಥೆಯನ್ನು ಕಥಾ ಶಾಲೆಯವರೇ ಇಟ್ಟುಕೊಂಡು ತೆಳ್ಳನೆಯ ಸರ್ಟಿಫಿಕೇಟೊಂದನ್ನು ಕಳಿಸುತ್ತಿದ್ದರು.

"ಏನಂತಾನೆ ನಿನ್ನ ಗಂಡ?" ಹೊಲಿಗೆ ಯಂತ್ರದ ಹಿಂದಿನಿಂದ ತೋತಾ ಚಿಕ್ಕಮ್ಮನ ದನಿ ಬಂತು.

"ಗಂಡ ಅಲ್ಲ ಚಿಕ್ಕಮ್ಮ, ಮೇಷ್ಟ್ರು."

"ಎರಡು ವರ್ಷದಿಂದ ಕೂತಲ್ಲೇ ನಿನ್ನ ತಪ್ಪು ಹುಡುಕ್ತಾ ಇದಾನೆ. ನಮ್ಮ ಕಾರ್ಮೆಲೋ ಊರಲ್ಲಿ ಅಂಥವ್ರಿಗೆ ಗಂಡ ಅಂತಾನೇ ಅನ್ನೋದು."

ಬೇರೆ ದಿನವಾಗಿದ್ದರೆ ಜುಲ್ಮಾ ನಕ್ಕುಬಿಡುತ್ತಿದ್ದಳು. ಫೆಬ್ರವರಿಯ ಸೆಕೆ, ಶಾಲೆ ಶುರುವಾಗುವ ಕಾಲ. ಊರಿನ ಅಷ್ಟೂ ಮಕ್ಕಳಿಗೆ ಬಿಳಿ ಮೇಲಂಗಿ, ಕತ್ತಿಗೆ ನೀಲಿ ಬೋ ಆಗಬೇಕು. ಅಂಗಡಿಯ ತುಂಬ ಬಿಳಿ ಬಟ್ಟೆಯ ರಾಶಿ. ಅದರ ಮಧ್ಯೆ ನಿಂತು ಅವಳು ಲಕೋಟೆ ಒಡೆದಳು. ಕೊನೆಯ ಪುಟದ ಕೆಳಗೆ ಮೇಷ್ಟರ ಪರಿಚಯದ ಕೆಂಪು ಅಕ್ಷರದಲ್ಲಿ ಒಂದೇ ಸಾಲು ಇತ್ತು: "ಇನ್ನೊಮ್ಮೆ ನೋಡಿ. – ಪಿ."

ಇನ್ನೇನು ನೋಡುವುದು? ಮೊದಲ ಸಲ ಕಥೆಯಲ್ಲಿ ಮಳೆ ಬೇಡ ಎಂದಿದ್ದ. ತೆಗೆದಳು. ಆಮೇಲೆ ಮಳೆಯಿಲ್ಲದೆ ಕಥೆ ಬರಡಾಗಿದೆ ಎಂದ. ಮತ್ತೆ ಹಾಕಿದಳು. ಈಗ ಏನು ತಪ್ಪೆಂದು ಹೇಳುವ ಗೋಜಿಗೂ ಹೋಗಿರಲಿಲ್ಲ. ಹೇಳಿ ಪ್ರಯೋಜನವಿಲ್ಲದವರಿಗೆ ಯಾರೂ ಹೇಳುವುದಿಲ್ಲ ಎಂದುಕೊಂಡಳು ಜುಲ್ಮಾ. ಅವಳ ಕಣ್ಣು ತುಂಬಿತು.

ಅಂಚೆಯಲ್ಲೇ ಪಾಠ ಕಳಿಸುವ ಮೊಂಟೆವಿಡಿಯೋದ ಕಥಾ ಶಾಲೆಗೆ ಸೇರಿದಾಗ ಅವಳಿಗೆ ಮೂವತ್ತೊಂದು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಮೊದಲ ಪಾಠಕ್ಕೆ ಪ್ಯಾರಿಸ್ಸಿನ ಶ್ರೀಮಂತ ವಿಧವೆಯೊಬ್ಬಳ ಕಥೆ ಬರೆದು ಕಳಿಸಿದ್ದಳು. ಅದರಲ್ಲಿ ಮುತ್ತಿನ ಹಾರ, ವಿಷ, ಸಾರೋಟು ಎಲ್ಲ ಇದ್ದವು. ಉತ್ತರ ಬಂತು:

"ನೀವು ಪ್ಯಾರಿಸ್ ನೋಡಿದ್ದೀರಾ? ನಾನೂ ನೋಡಿಲ್ಲ. ಹಾಗಾಗಿ ಈ ಹೆಂಗಸು ಸುಳ್ಳು ಹೇಳಿದರೆ ನಮ್ಮಿಬ್ಬರಿಗೂ ಗೊತ್ತಾಗುವುದಿಲ್ಲ. ನೀವು ಕೂತ ಜಾಗದಿಂದ ಏನು ಕಾಣುತ್ತದೋ ಅದನ್ನು ಬರೆಯಿರಿ."

ಅವಳಿಗೆ ಮೈಯೆಲ್ಲ ಉರಿಯಿತು. ತಗೋ ಹಾಗಾದರೆ ಎಂದು ಸೇಡಿಗೆ ಬರೆದಳು. ಮೊದಲ ದಿನದ ಮೇಲಂಗಿ ಹಾಕಿಕೊಂಡು, ಕೊಳೆಯಾದೀತೆಂದು ಕೈ ಎತ್ತಿಕೊಂಡೇ ನಿಂತ ಮಗು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿ ಹೇಳುವ ದರ್ಜಿ, ಸೊಂಟದ ಅಳತೆ ಕೇಳಿದರೆ ಸಿಟ್ಟಾಗುವ ಹೆಡ್‌ಮೇಷ್ಟ್ರ ಹೆಂಡತಿ.

"ಇದನ್ನು ಕೋಪದಲ್ಲಿ ಬರೆದಿರಿ, ಅಲ್ಲವೇ?" ಎಂದು ಪಿ. ಬರೆದಿದ್ದ. "ದಯವಿಟ್ಟು ಹೀಗೇ ಕೋಪ ಮಾಡಿಕೊಂಡಿರಿ."

ಅಲ್ಲಿಂದ ಶುರುವಾಯಿತು. ನಿಮ್ಮ ಪಾತ್ರಗಳು ಸರ್ಕಾರಿ ನೋಟೀಸಿನ ಹಾಗೆ ಮಾತಾಡುತ್ತವೆ ಎಂದು ಅವನು ಹೇಳಿದ ಮೇಲೆ ಜುಲ್ಮಾ ಕಿವಿಗೊಟ್ಟು ಕೇಳಲು ಕಲಿತಳು. ಬಾಯಿತುಂಬ ಮಾತಾಡುವ ಚಿಕ್ಕಮ್ಮ ಕಥೆಯೊಳಗೆ ಬಂದು ಕೂತದ್ದು ಆಗಲೇ. ನಿಮ್ಮ ಕಥೆಯ ಜನ ಹೇಳಬೇಕಾದ್ದನ್ನು ಹೇಳುವ ಮೊದಲೇ ಎದ್ದು ಹೋಗುತ್ತಾರೆ, ಅವರನ್ನು ಕೂರಿಸಿ ಎಂದ. ಹೇಳುವ ಮೊದಲೇ ಎದ್ದುಹೋಗುವುದು ಅವಳ ಬದುಕಿನ ಅಭ್ಯಾಸವೂ ಆಗಿತ್ತು. ಇದನ್ನು ಇವನು ಹೇಗೆ ಕಂಡುಹಿಡಿದ?

ಕಥೆಗಳ ಅಂಚಿನಲ್ಲಿ ಸಣ್ಣ ಸಣ್ಣ ಮಾತು ಓಡಾಡತೊಡಗಿದವು. "ನಿಮ್ಮ ಚಿಕ್ಕಮ್ಮ ನಿಜವಾಗಿಯೂ ಹೀಗೇನಾ?" "ಇದಕ್ಕಿಂತ ಮೋಸ, ಮೇಷ್ಟ್ರೇ." ಲಕೋಟೆ ಬರುವ ದಿನ ಜುಲ್ಮಾ ತಲೆ ಬಾಚಿಕೊಳ್ಳುವ ರೀತಿಯೇ ಬೇರೆ. ಲಕೋಟೆಗೇನು ಕಣ್ಣಿದೆಯೇ ಎಂದು ಚಿಕ್ಕಮ್ಮ ಕಾಡುತ್ತಿದ್ದಳು. ಮೇಷ್ಟರ ಹೆಸರು ಹೇಳುವಂತಿಲ್ಲ, ಬರೀ ಮೊದಲಕ್ಷರ. ಪಾಸಾದ ಮೇಲೆ ಕಾಗದ ಬರೆಯುವಂತೆಯೂ ಇಲ್ಲ. ಅದು ಶಾಲೆಯ ನಿಯಮ.

ಕೊನೆಯ ಪಾಠಕ್ಕೆ ಅವಳು ಊರಿನ ತಿರುಗುವ ಸೇತುವೆಯ ಕಥೆ ಬರೆದಿದ್ದಳು. ದೋಣಿ ಬಂದಾಗ ನಾಲ್ಕಾರು ಜನ ಸೇರಿ ಸೇತುವೆಯನ್ನು ತಳ್ಳಿ ತಿರುಗಿಸುತ್ತಾರೆ. ಅಷ್ಟು ಹೊತ್ತು ಹೊಳೆಯ ಆ ದಡದವರು ಅಲ್ಲೇ, ಈ ದಡದವರು ಇಲ್ಲೇ. ಹಾಗೆ ದಿನವೂ ಎದುರುಬದುರು ನಿಂತು ನೋಡಿಕೊಳ್ಳುವ ಒಬ್ಬ ಗಂಡು, ಒಬ್ಬಳು ಹೆಣ್ಣು. ಸೇತುವೆ ಕೂಡಿದ ಕೂಡಲೇ ಇಬ್ಬರೂ ತಲೆ ತಗ್ಗಿಸಿ ದಾಟಿಬಿಡುತ್ತಾರೆ. ಕೊನೆಗೊಂದು ದಿನ ಮಾತ್ರ ಅವರನ್ನು ಅವಳು ಸೇತುವೆಯ ನಡುವೆ ನಿಲ್ಲಿಸಿದ್ದಳು. ಬರೆದು ಮುಗಿಸಿದಾಗ, ನನಗೂ ಬರೆಯಲು ಬರುತ್ತದೆ ಎಂದು ಬದುಕಿನಲ್ಲಿ ಮೊದಲ ಸಲ ಅನ್ನಿಸಿತ್ತು.

ಇಲ್ಲ, ಬರುವುದಿಲ್ಲ. ಜುಲ್ಮಾ ವಾಪಸ್ ಬಂದ ಕಥೆಯನ್ನು ಹಿಡಿದು ಹಿತ್ತಲ ಒಲೆಯ ಬಳಿ ಹೋದಳು. ಹಾಳೆಗಳು ಬೇಗ ಉರಿದವು. ಕರಡನ್ನೂ ಹಾಕಿದಳು. ಆಮೇಲೆ ಶಾಲೆಗೆ ಕಾಗದ ಬರೆದಳು: "ಕೋರ್ಸ್ ಬಿಡುತ್ತಿದ್ದೇನೆ. ಕಥೆಯನ್ನು ಸುಟ್ಟಿದ್ದೇನೆ. ಮೇಷ್ಟರಿಗೆ ಹೇಳಿ, ತಪ್ಪು ಅವರದಲ್ಲ."

ಮುಂದಿನ ವಾರ ಬಸ್ಸಿನ ಧೂಳು ಮೆತ್ತಿದ ಕೋಟು ತೊಟ್ಟ ಒಬ್ಬ ಗಂಡಸು ಅಂಗಡಿಗೆ ಬಂದ. ತೆಳ್ಳಗೆ, ಉದ್ದಕ್ಕೆ, ನಲವತ್ತರ ಆಸುಪಾಸು. ಜುಲ್ಮಾ ಒಳಗೆ ಮೇಲಂಗಿಯೊಂದಕ್ಕೆ ಗುಂಡುಸೂಜಿ ಚುಚ್ಚುತ್ತಿದ್ದಳು, ಮಾತು ಮಾತ್ರ ಕೇಳುತ್ತಿತ್ತು.

"ಏನ್ ಬೇಕಿತ್ತು?" ಚಿಕ್ಕಮ್ಮ ಕೇಳಿದಳು.

"ಅದು... ಮೇಲಂಗಿ. ಶಾಲೆದು."

"ಮಗೂನ ಕರ್ಕೊಂಡ್ ಬಂದಿಲ್ವಾ?"

"ಮಗು ಇಲ್ಲ."

"ಎಲ್ಲಿಗೋಯ್ತು?"

"ಹುಟ್ಟಿಲ್ಲ."

"ಪರವಾಗಿಲ್ವೇ, ಭಾರಿ ಮುಂದಾಲೋಚನೆ! ಹೆಂಡ್ತಿ ಎತ್ತರ ಹೇಳಿ, ಅಂದಾಜು ಮಾಡೋಣ."

"ಅವ್ರೂ... ಇಲ್ಲ."

"ಜುಲ್ಮಾ!" ಚಿಕ್ಕಮ್ಮ ಕೂಗಿದಳು. "ಇಲ್ಲಿ ಬಾರೇ ಸ್ವಲ್ಪ. ಇವ್ರಿಗೆ ಎಲ್ಲಾನೂ ಮೊದಲಿಂದ ಆಗ್ಬೇಕಂತೆ."

ಜುಲ್ಮಾ ಪರದೆ ಸರಿಸಿ ಬಂದಳು. ಆ ಗಂಡಸು ಅವಳ ಮುಖ ನೋಡಿದ. ಅವಳ ತುಟಿಗಳ ಮಧ್ಯೆ ಸಾಲಾಗಿದ್ದ ಗುಂಡುಸೂಜಿಗಳನ್ನು ನೋಡಿದ. ಅವನ ಕಣ್ಣಿನಲ್ಲಿ ನಗು ಮೂಡಿತು, ಹೆದರಿಕೆಯೂ ಇತ್ತು.

"ಸೂಜಿ ಕಚ್ಕೊಂಡೇ ಮಾತಾಡ್ತಾರೆ ಅಂತ ಬರ್ದಿದ್ರಿ. ಅದೊಂದು ನಿಮ್ಮ ಕಲ್ಪನೆ ಅಂದ್ಕೊಂಡಿದ್ದೆ."

ಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

"ಪಿ.?"

"ಪಿರಿಸ್. ಎವಾರಿಸ್ಟೋ ಪಿರಿಸ್."

"ನಾನು ಮನಸ್ಸಲ್ಲಿ ನಿಮಗೆ ಬಿಳಿ ಗಡ್ಡ ಇಟ್ಟಿದ್ದೆ," ಎಂದಳು ಜುಲ್ಮಾ.

"ತಿದ್ಕೊಳ್ಳಿ ದಯವಿಟ್ಟು."

ಅವಳ ಕೆನ್ನೆ ಬಿಸಿಯಾಯಿತು. ಆದರೆ ಅವನು ನಗಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಒಂದೇ ಉಸಿರಿಗೆ ಹೇಳಿಬಿಟ್ಟ:

"ನಿಮ್ಮ ಕಥೇಲಿ ತಪ್ಪಿರ್ಲಿಲ್ಲ. ಮೊದಲನೇ ಸಲವೇ ಇರ್ಲಿಲ್ಲ. ಪಾಸ್ ಮಾಡಿದ್ರೆ ಆಮೇಲೆ ನಿಮ್ಮ ಲಕೋಟೆ ಬರ್ತಿರ್ಲಿಲ್ಲ. ಅದಕ್ಕೇ ವಾಪಸ್ ಕಳಿಸ್ದೆ."

ಹೊಲಿಗೆ ಯಂತ್ರ ನಿಂತಿತು. ಜುಲ್ಮಾ ಇಷ್ಟು ದಿನ ಕನಸಿನಲ್ಲಿ ಕೇಳಬಯಸಿದ್ದ ಮಾತು ಹೆಚ್ಚುಕಡಿಮೆ ಇದೇ. ಆದರೂ ಅವಳಿಗೆ ಬಂದದ್ದು ಸಿಟ್ಟು.

"ಮಳೆ?"

"ಮಳೆ ಚೆನ್ನಾಗಿತ್ತು."

"ಚೆನ್ನಾಗಿತ್ತಾ? ಒಂದಿಡೀ ತಿಂಗಳು ನಾನು ಆ ಮಳೆ ಜೊತೆ ಒದ್ದಾಡಿದೀನಿ! ನೀವು ಹೇಳಿದ್ದು ಪಾಠ ಅಂತ ನಂಬಿದ್ದೆ. ನನಗೆ ಬರೋಲ್ಲ ಅಂತ ನಂಬಿದ್ದೆ. ಮೂವತ್ತಮೂರು ವರ್ಷಕ್ಕೆ ಒಂದೇ ಒಂದು ವಿಷಯ ನಂಗೆ ಬರುತ್ತೆ ಅನ್ಸಿತ್ತು ಮೇಷ್ಟ್ರೇ, ಅದನ್ನೂ ಕಿತ್ಕೊಂಡ್ರಲ್ಲ!"

"ಗೊತ್ತು. ಅದಕ್ಕೇ ಬಂದೆ. ಬೈಸ್ಕೊಳ್ಳೋದಕ್ಕೆ."

"ಬೈದಾಯ್ತು. ಹೊರಡಿ."

"ನಿಲ್ಲೇ," ಎಂದು ಎದ್ದಳು ಚಿಕ್ಕಮ್ಮ. "ಬಿಸಿಲಲ್ಲಿ ಬಂದವ್ರಿಗೆ ಒಂದು ಮಾಟೆ ಕೊಡ್ದೆ ಈ ಮನೆಯಿಂದ ಯಾರ್ನೂ ಕಳಿಸಿಲ್ಲ. ಕುಡೀಲಿ, ಆಮೇಲೆ ಬೇಕಾದ್ರೆ ಹೊರಗೆ ದಬ್ಬು."

ಸೋರೆ ಬುರುಡೆಗೆ ಚಹಾದಂತೆ ಕುಡಿಯುವ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹುಯ್ದು, ಹೀರುವ ಕೊಳವೆ ಸಿಕ್ಕಿಸಿ ಜುಲ್ಮಾ ಅವನ ಕೈಗೆ ಕೊಟ್ಟಳು. ಮುಖ ಗಂಟಿಕ್ಕಿಕೊಂಡೇ ಕೊಟ್ಟಳು. ಅವನು ಹೀರಿ ಬುರುಡೆ ಹಿಂದಕ್ಕೆ ನೀಡಿದ, ಬಾಯಿ ಬಿಡಲಿಲ್ಲ. ಸಾಕು ಎನ್ನುವವರು ಬುರುಡೆ ಕೊಡುವಾಗ ಥ್ಯಾಂಕ್ಸ್ ಹೇಳಬೇಕು, ಹೇಳುವವರೆಗೂ ಹುಯ್ಯುವವರು ಹುಯ್ಯುತ್ತಲೇ ಇರಬೇಕು. ಇಡೀ ದೇಶದಲ್ಲಿ ಹೀಗೆಯೇ. ಮೊಂಟೆವಿಡಿಯೋದವನಿಗೆ ಇದು ಗೊತ್ತಿಲ್ಲದ್ದೇನಲ್ಲ.

ಅವಳು ಮತ್ತೆ ಹುಯ್ದಳು. ಅವನು ಮತ್ತೆ ಕುಡಿದ.

"ಕರಡು ಇದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದ.

"ಅದನ್ನೂ ಸುಟ್ಟೆ."

ಎವಾರಿಸ್ಟೋನ ಮುಖ ಬಿಳಿಚಿತು. ತಾನು ಮಾಡಿದ್ದು ಎಷ್ಟು ದೊಡ್ಡ ತಪ್ಪೆಂದು ಅವನಿಗೆ ಆಗ ಅರ್ಥವಾಯಿತೆಂದು ತೋರುತ್ತದೆ. ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ, ಶಾಲೆಯ ಹುಡುಗ ಪದ್ಯ ಒಪ್ಪಿಸುವ ಹಾಗೆ ಶುರು ಮಾಡಿದ:

"ಸೇತುವೆ ತಿರುಗಿತು. ಇತ್ತ ಅವಳು, ಅತ್ತ ಅವನು. ನಡುವೆ ಮರಳು ಹೊತ್ತ ದೋಣಿ ಆತುರವಿಲ್ಲದೆ ಸಾಗುತ್ತಿತ್ತು..."

ಜುಲ್ಮಾ ಕೆಟಲ್ ಹಿಡಿದವಳು ಹಾಗೇ ನಿಂತಳು.

"...ಮಳೆ ಹೊಳೆಯ ಮೇಲೆ ಬೀಳುತ್ತಿತ್ತು. ಅವನು ಛತ್ರಿ ಬಿಚ್ಚಿದ..."

"ಬಿಚ್ಚಲಿಲ್ಲ."

"ಹಾಂ?"

"ಛತ್ರಿ ಬಿಚ್ಚಲಿಲ್ಲ ಅವನು. ಎದುರು ದಡದಲ್ಲಿ ಅವಳು ನೆನೀತಾ ಇದಾಳೆ, ಇವನು ಹೇಗೆ ಬಿಚ್ತಾನೆ? ಮಡಚಿದ ಛತ್ರೀನ ಕಂಕುಳಲ್ಲಿ ಇಟ್ಕೊಂಡು ತಾನೂ ನೆನೀತಾನೆ. ಅದನ್ನ ಅವಳು ನೋಡ್ತಾಳೆ."

"ಇದು ಕಥೇಲಿ ಇರ್ಲಿಲ್ಲ," ಎಂದ ಎವಾರಿಸ್ಟೋ ನಿಧಾನವಾಗಿ.

ಇರಲಿಲ್ಲ, ನಿಜ. ಅದು ಈಗ, ಈ ಗಳಿಗೆಯಲ್ಲಿ, ಸಿಟ್ಟಿನ ಮಧ್ಯೆ ಅವಳಿಗೆ ಹೊಳೆದದ್ದು. ಸುಟ್ಟಿದ್ದು ಬರೀ ಕಾಗದ, ಕಥೆ ತನ್ನೊಳಗೆ ಜೀವಂತವಾಗಿ ಬೆಳೆಯುತ್ತಿದೆ ಎಂದು ತಿಳಿದಾಗ ಜುಲ್ಮಾಳಿಗೆ ಅಳು ಬಂತು. ಯಾರು ಪಾಸ್ ಮಾಡಿದರೇನು, ಬಿಟ್ಟರೇನು? ಅವಳಿಗೆ ಬರೆಯಲು ಬರುತ್ತಿತ್ತು.

"ನಾನು ಆ ಕೆಲಸ ಬಿಟ್ಟೆ," ಎಂದ ಅವನು. "ನಿಮಗೆ ಸುಳ್ಳು ಹೇಳಿದ ಮೇಲೆ ಇನ್ನೊಬ್ರ ಕಥೆ ತಿದ್ದೋ ಯೋಗ್ಯತೆ ನನಗಿಲ್ಲ. ಬಿಡೋ ಮೊದಲು ನಿಮ್ಮನ್ನ ಪಾಸ್ ಮಾಡಿ ಬಂದೆ. ಕ್ಷಮಿಸಿ ಅಂತ ಕೇಳಲ್ಲ. ನೀವಂದ್ರೆ ನಂಗಿಷ್ಟ ಜುಲ್ಮಾ. ನಿಮ್ಮನ್ನ ನೋಡೋಕೆ ಮುಂಚಿಂದಾನೂ."

ಯಂತ್ರದ ಹಿಂದೆ ಚಿಕ್ಕಮ್ಮ ನೀಲಿ ರಿಬ್ಬನ್ನಿನಿಂದ ಮೂಗು ಒರೆಸಿಕೊಂಡಳು.

"ಪಾಸ್ ಮಾಡೋಕೆ ನೀವ್ಯಾರು?" ಎಂದಳು ಜುಲ್ಮಾ. ಆದರೆ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ. ಕೆಟಲ್ ಬಗ್ಗಿಸಿದಳು. ಸೊಪ್ಪಿನ ರುಚಿ ಎಂದೋ ಹೋಗಿತ್ತು, ನೊರೆಯೂ ಏಳಲಿಲ್ಲ. ಬರೀ ಬಿಸಿನೀರು. ಅವನು ಅದನ್ನೂ ಕೊನೆಯ ಹನಿಯವರೆಗೆ ಹೀರಿದ. ಬುರುಡೆಯನ್ನು ಮುಂದೆ ನೀಡಿದ.

ಅವಳು ಕಾದಳು. ಹೊರಡುವ ಮನಸ್ಸಿದ್ದರೆ ಒಂದು ಮಾತು ಹೇಳಿದರೆ ಸಾಕಿತ್ತು.

ಅವನು ಹೇಳಲಿಲ್ಲ. ಸುಮ್ಮನೆ ಅವಳ ಕಣ್ಣನ್ನೇ ನೋಡುತ್ತ ಕೂತ.

"ನೀರಾಗಿದೆ ಅದು," ಎಂದಳು ಜುಲ್ಮಾ.

"ಚೆನ್ನಾಗಿದೆ."

"ಮತ್ತೆ ಸುಳ್ಳು."

"ಇದು ಕೊನೇದು."

ಜುಲ್ಮಾ ಬುರುಡೆ ಇಸಿದುಕೊಂಡಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ತೆಗೆಯಲು ಸ್ವಲ್ಪ ತಡ ಮಾಡಿದರು. ಆಮೇಲೆ ಅವಳು ಹಿತ್ತಲಿಗೆ ಹೋಗಿ ಹಳೆಯ ಸೊಪ್ಪನ್ನು ಚೆಲ್ಲಿದಳು, ಬುರುಡೆಯನ್ನು ತೊಳೆದು ಹೊಸ ಸೊಪ್ಪು ತುಂಬಿಕೊಂಡು ಬಂದಳು.