ಹನ್ನೆರಡು ದಿನ ಮುಂಚೆ ತೀರಿದ ಸಾಲ

ಎರಡು ತುಂಡಾದ ಕ್ರೆಡಿಟ್ ಕಾರ್ಡನ್ನು ಅವಳು ಬ್ಯಾಂಕಿನ ಸಾಲದ ಕೌಂಟರಿನ ಮೇಲೆ ಟಪ್ಪನೆ ಇಟ್ಟಳು.

“ಇದನ್ನ ನಾನೇ ಕತ್ತರಿಸಿ ಎಂಟು ತಿಂಗಳಾಯ್ತು. ಸತ್ತು ಹೋಗಿರೋ ಕಾರ್ಡಿಗೆ ಬಿಲ್ ಹೇಗೆ ಬರುತ್ತೆ, ಹೇಳಿ.”

ಕೌಂಟರಿನ ಆಚೆ ಕುಳಿತಿದ್ದವನು ತುಂಡುಗಳನ್ನು ಜೋಡಿಸಿ ಹಿಡಿದು, ಕತ್ತನ್ನು ಎಡಕ್ಕೆ ವಾಲಿಸಿಕೊಂಡು ನಂಬರು ಓದಿದ. ನಗಲಿಲ್ಲ. ನಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತು, ಇವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು.

“ಕಾರ್ಡ್ ಕತ್ತರಿಸಿದೀರ ಮೇಡಂ. ಖಾತೆ ಮುಚ್ಚಿಸಿಲ್ಲ,” ಎಂದ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಕಾರ್ಡ್ ತುಂಡಾದರೂ ಖಾತೆ ಜೀವಂತವಾಗಿತ್ತು. ಅದಕ್ಕೆ ವರ್ಷದ ಶುಲ್ಕ ಬಿದ್ದಿತ್ತು. ಕಟ್ಟದೆ ಇದ್ದುದಕ್ಕೆ ದಂಡ, ದಂಡದ ಮೇಲೆ ಬಡ್ಡಿ. ಕೇಳುತ್ತಾ ಕೇಳುತ್ತಾ ಅವಳ ಕೋಪ ಇಳಿದು, ಆ ಜಾಗಕ್ಕೆ ನಾಚಿಕೆ ಬಂದು ಕೂತಿತು.

“ಹಾಗಾದ್ರೆ ಎಂಟು ತಿಂಗಳಿಂದ ನಾನು ಸುಮ್ನೆ ಖುಷಿಯಾಗಿದ್ನಾ?”

“ಖುಷಿ ಎಲ್ಲೂ ಹೋಗಿಲ್ಲ. ಒಂದು ಅರ್ಜಿ ಬರೆದುಕೊಟ್ರೆ ಅದೇ ನಿಜ ಆಗುತ್ತೆ.”

ಅವಳು ತಲೆ ಎತ್ತಿ ಅವನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ನೋಡಿದ ತಕ್ಷಣ ಕಂಡದ್ದು ಕಣ್ಣಲ್ಲ, ಕನ್ನಡಕ. ಅದು ಅವಳ ಕಸುಬಿನ ತಪ್ಪು. ಪೇಟೆ ಬೀದಿಯ ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ, ಫ್ರೇಮಿಗೆ ತಕ್ಕಂತೆ ಗಾಜಿನ ಅಂಚು ಉಜ್ಜಿ ಕೂರಿಸುವುದು ಅವಳ ಕೆಲಸ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಅವಳ ಕಣ್ಣು ಹಿಡಿದುಬಿಡುತ್ತಿತ್ತು.

“ನಿಮ್ಮ ಬಲಗಡೆ ಗಾಜಿನ ನಡುಭಾಗ ಕಣ್ಣಿಗೆ ಸರಿಯಾಗಿ ಕೂತಿಲ್ಲ. ಅದಕ್ಕೇ ಕತ್ತು ವಾಲಿಸ್ತೀರ. ಸಂಜೆ ಹೊತ್ತಿಗೆ ತಲೆ ನೋಯುತ್ತಲ್ವಾ?”

ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಎರಡು ವರ್ಷದಿಂದ ಆ ತಲೆನೋವಿಗೆ ಅವನು ಬ್ಯಾಂಕಿನ ಮ್ಯಾನೇಜರನ್ನು ಬೈದುಕೊಳ್ಳುತ್ತಿದ್ದ.

ಆ ಶನಿವಾರವೇ ಅವನು ಅಂಗಡಿಗೆ ಬಂದ. ಹೊಸ ಗಾಜು ಹಾಕಿಸಿಕೊಂಡು ಕತ್ತು ನೇರ ಮಾಡಿಕೊಂಡು ಹೋದ. ಹೋಗುವ ಮೊದಲು, ತೀರಿಸುವ ದಾರಿ ಹುಡುಕೋಣ ಎಂದು ಅವಳ ಬಾಕಿ ಸಾಲಗಳನ್ನೆಲ್ಲ ಒಂದು ಬಿಲ್ಲಿನ ಹಿಂದೆ ಬರೆಸಿಕೊಂಡ.

ಅವಳ ಸಾಲದಲ್ಲಿ ಶೋಕಿ ಇರಲಿಲ್ಲ. ಅಮ್ಮ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಆಪರೇಷನ್ನಿಗೆಂದು ಮೂರು ವರ್ಷದ ವೈಯಕ್ತಿಕ ಸಾಲ. ಆ ತಿಂಗಳುಗಳಲ್ಲಿ ಔಷಧಿಗೆ, ದಿನಸಿಗೆ ಎಂದು ಉಜ್ಜಿದ ಎರಡು ಕ್ರೆಡಿಟ್ ಕಾರ್ಡ್. ಕತ್ತರಿಸಿದ್ದ ಮೂರನೆಯದು ಅರ್ಜಿ ಕೊಟ್ಟು ಮುಚ್ಚಿಸಿದ್ದರಿಂದ ಲೆಕ್ಕಕ್ಕಿಲ್ಲ. ಅಮ್ಮ ಈಗ ಮೂರು ಮಹಡಿ ಹತ್ತಿ ಇಳಿದು, ಪಕ್ಕದ ಮನೆಯವರೊಂದಿಗೆ ನೀರಿನ ಟ್ಯಾಂಕಿನ ವಿಷಯಕ್ಕೆ ಜಗಳವಾಡಿ ಬರುವಷ್ಟು ಗಟ್ಟಿಯಾಗಿದ್ದರು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಕಟ್ಟಿದ ಕಂತು ಸಾರ್ಥಕ ಅನಿಸುತ್ತಿತ್ತು.

ಅವರಿಬ್ಬರ ಮೊದಲ ಜಗಳ ಯಾವ ಕಾರ್ಡನ್ನು ಮೊದಲು ತೀರಿಸಬೇಕು ಎಂಬುದಕ್ಕೆ ನಡೆಯಿತು. ಬಡ್ಡಿ ಜಾಸ್ತಿ ಇರುವ ದೊಡ್ಡದನ್ನು ಮೊದಲು ಹೊಡೆಯಬೇಕು ಎಂದು ಅವನು. ಸಣ್ಣದನ್ನು ಮೊದಲು ಮುಗಿಸಿದರೆ ಒಂದಾದರೂ ಹೋಯಿತು ಎಂಬ ಧೈರ್ಯ ಬರುತ್ತದೆ ಎಂದು ಅವಳು. ಅವನು ಲೆಕ್ಕ ಹಾಕಿ ತೋರಿಸಿದ. ಅವಳು ಲೆಕ್ಕವನ್ನು ಒಪ್ಪಿದಳು, ಅಭಿಪ್ರಾಯ ಬದಲಿಸಲಿಲ್ಲ.

ಕೊನೆಗೆ ಅವನೇ ಸೋತ. “ಕಾಗದದಲ್ಲಿ ನಂದು ಸರಿ. ಆದ್ರೆ ತಿಂಗಳು ತಿಂಗಳು ಕಟ್ಟೋರು ನೀವು. ನಿಮಗೆ ಧೈರ್ಯ ಬರೋ ದಾರೀಲೇ ಹೋಗಿ.”

ಅವಳಿಗೆ ಆ ಮಾತು ಹಿಡಿಸಿತು. ಮನೆಗೆ ಬಂದ ಮೇಲೂ ಹಿಡಿಸುತ್ತಲೇ ಇತ್ತು.

ಸಣ್ಣ ಕಾರ್ಡ್ ನಾಲ್ಕು ತಿಂಗಳಲ್ಲಿ ಮುಚ್ಚಿತು. ದೊಡ್ಡದಕ್ಕೆ ಎಂಟು ತಿಂಗಳು ಹಿಡಿಯಿತು. ಇನ್ನೆರಡು ಅಂಗಡಿಗಳ ಗಾಜನ್ನೂ ಅವಳು ಭಾನುವಾರ ತಂದು ಉಜ್ಜಿದಳು. ಒಂದು ಜೊತೆಗೆ ನಲವತ್ತು ರೂಪಾಯಿ. ಪ್ರತಿ ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಕೈಯಾರೆ ಹಣ ಕಟ್ಟಿದಳು. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸಕ್ಕೆ ಅಷ್ಟು ದೂರ ಯಾಕೆ ಹೋಗುತ್ತೀಯ ಎಂದು ಅಮ್ಮ ಕೇಳಿದರೆ, ರಸೀದಿ ಕೈಯಲ್ಲಿದ್ದರೆ ನಂಬಿಕೆ ಎನ್ನುತ್ತಿದ್ದಳು. ಆ ದಿನ ಮಾತ್ರ ಇಸ್ತ್ರಿ ಮಾಡಿದ ಬಟ್ಟೆ ಯಾಕೆ ಎಂದು ಅಮ್ಮ ಕೇಳಲಿಲ್ಲ. ಅಮ್ಮನಿಗೆ ಮುರಿದದ್ದು ಸೊಂಟ, ಕಣ್ಣು ನೆಟ್ಟಗೇ ಇತ್ತು.

ಮದುವೆಯ ಮಾತು ಬಂದಾಗ ಮಾತ್ರ ಅವಳದು ಒಂದೇ ಹಟ. ಸಾಲ ಇಟ್ಟುಕೊಂಡು ಯಾರ ಮನೆ ಹೊಸ್ತಿಲನ್ನೂ ತುಳಿಯುವುದಿಲ್ಲ. ಇದನ್ನು ಅಮ್ಮನಿಗೂ ಹೇಳಿದ್ದಳು, ಮಾತಿನ ನಡುವೆ ಒಮ್ಮೆ ಅವನಿಗೂ ಹೇಳಿದ್ದಳು. ಅದನ್ನು ಕೇಳಿದ ದಿನ ಅವನು ಯಾಕೋ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಉಳಿದದ್ದು ವೈಯಕ್ತಿಕ ಸಾಲವೊಂದೇ. ಕಂತು ಕಟ್ಟುತ್ತಾ ಹೋಗಿದ್ದರೆ ಇನ್ನೂ ಒಂದು ವರ್ಷ ಎಳೆಯುತ್ತಿತ್ತು. ಆದರೆ ಅಂಗಡಿಯ ಬೋನಸ್, ಭಾನುವಾರದ ಕೂಲಿ, ಅಮ್ಮ ಬಲವಂತದಿಂದ ಕೈಗಿಟ್ಟ ಹಳೇ ಠೇವಣಿ ಎಲ್ಲ ಸೇರಿಸಿದರೆ ಒಂದೇ ಏಟಿಗೆ ತೀರಿಸಬಹುದಿತ್ತು.

ಹಿಂದಿನ ತಿಂಗಳೇ ಅವಳು ಅವನಿಗೆ ಹೇಳಿ ಬಂದಿದ್ದಳು. “ಈ ಸಾಲ ಮುಚ್ಚಿದ ದಿನ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ.”

ಅವನ ಕಿವಿ ಕೆಂಪಗಾಗಿತ್ತು.

ಎಂಟನೇ ತಾರೀಖು ಅವಳು ಚೆಕ್ ಬರೆದುಕೊಂಡೇ ಕೌಂಟರಿಗೆ ಬಂದಳು. ಹಿಂದೆ ಉದ್ದನೆಯ ಸಾಲು. ಅವನು ಚೆಕ್ ನೋಡಿದ, ಕಂಪ್ಯೂಟರ್ ನೋಡಿದ. ಮುಖ ಸಪ್ಪಗಾಯಿತು.

“ಇವತ್ತು ಬೇಡ. ಇಪ್ಪತ್ತನೇ ತಾರೀಖು ಕಳೀಲಿ.”

“ಯಾಕೆ?”

ಅವನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಒಳಗಿನಿಂದ ಕೂಗಿದರು. ಒಂದು ನಿಮಿಷ ಎಂದು ಕೈ ಸನ್ನೆ ಮಾಡಿ ಎದ್ದು ಹೋದ. ಆ ಒಂದು ನಿಮಿಷ ಹದಿನೈದು ನಿಮಿಷವಾಯಿತು.

ಪಕ್ಕದ ಕೌಂಟರಿನ ಹಿರಿಯ ಮೇಡಂ, ಇನ್ನೇನು ನಿವೃತ್ತಿಯಾಗಲಿದ್ದವರು, ಬಾಯಿಗೆ ಬಿಡುವು ಕೊಡದವರು, ನಗುತ್ತಾ ಹೇಳಿದರು. “ಈ ತಿಂಗಳು ಸಾಲ ಮುಚ್ಚೋರು ಬಂದ್ರೆ ಅವನಿಗೆ ಸಂಕಟ ಕಣಮ್ಮ. ತಿಂಗಳ ಕೊನೆಗೆ ಬಡ್ತಿ ಪಟ್ಟಿ. ಸಾಲ ಎಷ್ಟು ಉಳಿಸಿಕೊಂಡ ಅನ್ನೋದನ್ನೂ ನೋಡ್ತಾರಲ್ಲ.”

ಅವಳು ಅವನ ಖಾಲಿ ಕುರ್ಚಿಯನ್ನು ನೋಡಿದಳು.

ಹಾಗಾದರೆ... ಇದಕ್ಕಾ? ನಾನು ದಿನ ಎಣಿಸುತ್ತಿದ್ದೆ, ಇವನು ಬಡ್ತಿ ಎಣಿಸುತ್ತಿದ್ದನಾ? ಒಂದು ಮಾತು ಹೇಳುತ್ತೇನೆ ಎಂದಿದ್ದೆನಲ್ಲ, ಅದನ್ನು ಕೇಳುವ ಆತುರವೂ ಇಲ್ಲವಾ?

ನಿಂತು ಕೇಳಿದ್ದರೆ ಎಲ್ಲ ಅಲ್ಲೇ ಬಗೆಹರಿಯುತ್ತಿತ್ತು. ಆದರೆ ಇವಳ ಕೋಪದ ಬಗ್ಗೆ ಮೊದಲೇ ಹೇಳಿದ್ದೇನೆ. ಚೆಕ್ ಎತ್ತಿಕೊಂಡು ಹೊರಟಳು. ಅವನ ಫೋನು ಮೂರು ಸಲ ಬಂತು, ತೆಗೆಯಲಿಲ್ಲ. ಸೀದಾ ಬಸ್ ಹತ್ತಿ ಅದೇ ಬ್ಯಾಂಕಿನ ಮುಖ್ಯ ಶಾಖೆಗೆ ಹೋದಳು.

ಅಲ್ಲಿಯ ಗುಮಾಸ್ತೆ ಒಂದು ಶುಲ್ಕ ಬೀಳುತ್ತದೆ, ಪರವಾಗಿಲ್ಲವೇ ಎಂದು ಕೇಳಿದಳು. ಎಷ್ಟಾದರೂ ತೆಗೆದುಕೊಳ್ಳಿ, ಈಗಲೇ ಮುಚ್ಚಿ ಎಂದು ಇವಳು ಬಿಮ್ಮನೆ ಹೇಳಿದಳು. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಅರ್ಧ ಗಂಟೆಯಲ್ಲಿ ಬಾಕಿ ಏನೂ ಇಲ್ಲ ಎಂಬ ಪತ್ರ ಕೈಗೆ ಬಂತು.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪತ್ರ ಬಿಡಿಸಿದಳು. ಎರಡು ವರ್ಷದ ಭಾರ ಇಳಿದಿತ್ತು. ಅಳು ಬರಬೇಕಿತ್ತು, ಇಲ್ಲ ನಗು ಬರಬೇಕಿತ್ತು. ಎರಡೂ ಬರಲಿಲ್ಲ. ಹೇಳಬೇಕಾದವನಿಗೆ ಇನ್ನೂ ಹೇಳಿರಲಿಲ್ಲ.

ಜೊತೆಗಿದ್ದ ರಸೀದಿಯ ಮೇಲೆ ಕಣ್ಣಾಡಿಸಿದಳು. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಕಣ್ಣು ನಿಂತಿತು.

ಇಪ್ಪತ್ನಾಲ್ಕು ಕಂತು ತುಂಬುವ ಮೊದಲೇ ಸಾಲ ಮುಚ್ಚಿದ್ದಕ್ಕೆ ಶುಲ್ಕ: ಆರು ಸಾವಿರದ ಇನ್ನೂರ ನಲವತ್ತು.

ಅವಳು ಕಟ್ಟಿದ್ದು ಇಪ್ಪತ್ಮೂರು ಕಂತು. ಇಪ್ಪತ್ನಾಲ್ಕನೆಯದು ಇದೇ ಇಪ್ಪತ್ತನೇ ತಾರೀಖಿಗೆ ಇತ್ತು. ಅದು ತುಂಬಿದ ಮೇಲೆ ಮುಚ್ಚಿದ್ದರೆ ಒಂದು ಪೈಸೆಯೂ ಹೆಚ್ಚಿಗೆ ಬೀಳುತ್ತಿರಲಿಲ್ಲ.

ನೂರ ಐವತ್ತಾರು ಜೊತೆ ಗಾಜಿನ ಕೂಲಿ! ಊರಿನವರ ಕನ್ನಡಕದ ಅರ್ಧ ಮಿಲಿಮೀಟರ್ ಹಿಡಿಯುವವಳು ತನ್ನ ಸಾಲಪತ್ರವನ್ನೇ ಓದಿರಲಿಲ್ಲ.

ಇನ್ನೊಂದು ವಿಷಯ ತಡವಾಗಿ ತಲೆಗೆ ಹೋಯಿತು. ಬಡ್ತಿ ಪಟ್ಟಿ ತಿಂಗಳ ಕೊನೆಗೆ ಅಲ್ಲವೇ? ಇಪ್ಪತ್ತಕ್ಕೆ ಮುಚ್ಚಿದರೂ ಅವನ ಲೆಕ್ಕಕ್ಕೆ ಪೆಟ್ಟು ಬೀಳುವುದು ಬೀಳುತ್ತಲೇ ಇತ್ತು. ಅವನು ಕಾಯಲು ಹೇಳಿದ್ದರಲ್ಲಿ ಅವನಿಗೆ ಕಿಂಚಿತ್ತೂ ಲಾಭವಿರಲಿಲ್ಲ.

ಅವಳು ನಾಲಿಗೆ ಕಚ್ಚಿಕೊಂಡು ಮುಂದಿನ ನಿಲ್ದಾಣದಲ್ಲೇ ಇಳಿದು ಅವನ ಶಾಖೆಯ ಕಡೆಗೆ ಹೊರಟಳು.

ಬ್ಯಾಂಕಿನ ಬಾಗಿಲು ಗಿರಾಕಿಗಳಿಗೆ ಮುಚ್ಚುವ ಹೊತ್ತು. ಅವನು ಹೊರಗೆ, ವಾಹನ ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ, ಫೋನನ್ನೇ ನೋಡುತ್ತಾ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ರಸೀದಿ ಕೊಟ್ಟಳು.

ಅವನು ಓದಿದ. ತುಂಬಾ ಹೊತ್ತು ಓದಿದ.

“ಬೈದುಬಿಡಿ,” ಎಂದಳು ಅವಳು. “ನಿಮ್ಮ ಬಡ್ತಿಗೋಸ್ಕರ ತಡೀತಿದೀರ ಅಂತ ಅಂದುಕೊಂಡೆ.”

“ಮೊದಲು ಕಾರಣ ಹೇಳಿ ಆಮೇಲೆ ಎದ್ದು ಹೋಗಬೇಕಿತ್ತು, ಅದು ನನ್ನ ತಪ್ಪು.” ಅವನ ದನಿ ಸಣ್ಣಗಾಯಿತು. “ಆದ್ರೆ ಹನ್ನೆರಡು ದಿನ ಕಾಯೋದು ನನಗೇನು ಸುಲಭವಾಗಿತ್ತಾ? ಮುಚ್ಚಿದ ದಿನ ಏನೋ ಹೇಳ್ತೀನಿ ಅಂದಿದ್ರಿ. ಒಂದು ತಿಂಗಳಿಂದ ಅದೇ ತಲೇಲಿ ಕೂತಿದೆ. ನಿಮ್ಮ ದುಡ್ಡು ಹೋಗಬಾರದು ಅಂತ ಬಾಯಿ ಕಟ್ಕೊಂಡೆ.”

ಈಗ ಅಳು ಬಂತು. ತಡೆಯಲಿಲ್ಲ ಅವಳು. ಕೋಪಕ್ಕೆ ಇಲ್ಲದ ತಡೆ ಅಳುವಿಗೆ ಯಾಕೆ?

ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬಿಲ್ ಕೇಳಿದಷ್ಟೇ ನೇರವಾಗಿ ಹೇಳಿದಳು.

“ನಾನು ನಿಮ್ಮನ್ನ ಮದುವೆ ಆಗಬೇಕು ಅಂತಿದೀನಿ.”

ಅವನ ಮುಖ ಅರಳಿತು. ಅರಳಿದ್ದು ಮರುಗಳಿಗೆಗೇ ಬಾಡಿತು.

“ನನ್ನದೊಂದು ಸಾಲ ಇದೆ.”

ಅವನು ತಲೆ ತಗ್ಗಿಸಿ ಹೇಳುತ್ತಾ ಹೋದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳೆಯರ ಮುಂದೆ ಮೆರೆಯಲು ದೊಡ್ಡ ಬೈಕ್ ಕೊಂಡಿದ್ದ. ಸಾಕಲಾರದೆ ಅರ್ಧ ಬೆಲೆಗೆ ಮಾರಿ ಎರಡು ವರ್ಷವಾಗಿತ್ತು. ಬೈಕ್ ಹೋಗಿ, ಸಾಲ ಮಾತ್ರ ಇನ್ನೂ ಓಡುತ್ತಿತ್ತು. ಊರಿಗೆಲ್ಲ ಸಾಲ ತೀರಿಸುವ ದಾರಿ ಹೇಳುವವನು, ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ ಎಂದ.

“ಇನ್ನೂ ಹನ್ನೊಂದು ಕಂತಿದೆ. ಸಾಲ ಇಟ್ಕೊಂಡು ಯಾರ ಹೊಸ್ತಿಲೂ ತುಳಿಯಲ್ಲ ಅಂದಿದ್ರಿ. ಅವತ್ತೇ ನನ್ನ ಬಾಯಿಗೆ ಬೀಗ ಬಿತ್ತು. ಹನ್ನೊಂದು ತಿಂಗಳು ಕಾಯ್ತೀರಾ?”

ಅವಳು ಯೋಚಿಸಿದಳು. ಎರಡು ವರ್ಷ ಕಾಪಾಡಿಕೊಂಡು ಬಂದ ಹಟ ಅದು. ಅವಳದನ್ನು ಅವಳು ಇವತ್ತು ತೀರಿಸಿದ್ದಳು, ಹಗುರಾಗಿ ನಡೆದು ಹೋಗಬಹುದಿತ್ತು. ಆದರೆ ಆ ಹಗುರ ಬಸ್ಸಿನಲ್ಲಿ ಒಬ್ಬಳೇ ಕೂತಾಗ ಹೇಗಿತ್ತು ಎಂದು ಅವಳಿಗೆ ಗೊತ್ತಿತ್ತು.

“ಇಲ್ಲ. ಕಾಯಲ್ಲ,” ಎಂದಳು.

ಅವನು ಮೆಲ್ಲಗೆ ತಲೆಯಾಡಿಸಿದ, ರಸೀದಿ ಮಡಚಿ ಅವಳ ಕೈಗೆ ಕೊಡಲು ಹೋದ.

“ಹನ್ನೆರಡು ದಿನ ಕಾಯೋಕಾಗದೆ ಆರು ಸಾವಿರ ಕಳಕೊಂಡವಳು ನಾನು. ಹನ್ನೊಂದು ತಿಂಗಳು ಕಾಯ್ತೀನಾ? ಇಬ್ಬರೂ ಸೇರಿ ಕಟ್ಟಿದ್ರೆ ಎಷ್ಟು ದಿನಕ್ಕೆ ಮುಗಿಯುತ್ತೆ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬೆರಳು ಮಡಚಿ ಎಣಿಸಿದ.

“ಐದು ತಿಂಗಳು.”

“ಮುಂಚೆ ಮುಚ್ಚಿದ್ರೆ ಶುಲ್ಕ?”

“ಇಲ್ಲ. ಓದಿದೀನಿ.”

“ಆ ಪತ್ರ ನಂಗೂ ತಂದು ತೋರಿಸಿ. ಈ ಸಲ ನಾನೂ ಓದ್ತೀನಿ.”

ಅವನು ಅವಳ ಕೈ ಹಿಡಿದ. ಗಾಜು ಉಜ್ಜಿ ಒರಟಾಗಿದ್ದ ಬೆರಳುಗಳನ್ನು ಅವಳು ಎಳೆದುಕೊಳ್ಳಲಿಲ್ಲ. ಇಬ್ಬರೂ ಬಸ್ ನಿಲ್ದಾಣದ ಕಡೆಗೆ ನಡೆದರು.

“ಮನೇಲಿ ಅಮ್ಮ ಕಾಯ್ತಿರ್ತಾರೆ,” ಎಂದ. “ಏನು ಹೇಳ್ತೀರಿ?”

“ಸಾಲ ತೀರಿತು ಅಂತ.”

“ಪೂರ್ತಿನಾ?”

“ನನ್ನದು ತೀರಿತು,” ಎಂದಳು ಅವಳು. “ನಮ್ಮದು ಇನ್ನೂ ಹನ್ನೊಂದು ಕಂತಿದೆ.”