ಟೇಪಿನ ಅಡಿಯ ಗುಳ್ಳೆ

"ಏನ್ರೀ ಮಾಡ್ತಿದ್ದೀರಿ? ಕೈ ತೆಗೀರಿ ಆ ಗೋಡೆಯಿಂದ!"

ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದವನ ಕೈಯಿಂದ ಬ್ಲೇಡು ಜಾರಿ ನೆಲಕ್ಕೆ ಬಿತ್ತು.

ನಿನ್ನೆ ಸಂಜೆ ಅವಳೇ ಮುಗಿಸಿ ಹೋಗಿದ್ದ ಗೋಡೆ ಅದು. ಎರಡು ಜಿಪ್ಸಮ್ ಬೋರ್ಡು ಸೇರುವ ಸಂದಿನ ಮೇಲೆ ಎಷ್ಟು ಮುತುವರ್ಜಿಯಿಂದ ಪೇಪರ್ ಟೇಪು ಅಂಟಿಸಿದ್ದಳು! ಈಗ ನೋಡಿದರೆ ಯಾರೋ ಗೊತ್ತಿಲ್ಲದ ಮನುಷ್ಯ ಅದನ್ನು ಉದ್ದಕ್ಕೆ ಸೀಳುತ್ತಿದ್ದಾನೆ...

"ನಾನು ಪೇಂಟರು. ಇವತ್ತಿಂದ ಈ ಕಡೆ ಹಾಕಿದ್ದಾರೆ. ಅದು... ಇಲ್ಲಿ ಸ್ವಲ್ಪ..."

"ಪೇಂಟರ್ ಆದ್ರೆ ಬಣ್ಣ ಬಳೀರಿ! ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಅವಳ ಸಿಟ್ಟಿಗೂ ಕಾರಣವಿತ್ತು ಅನ್ನಿ. ಈ ಹೊಸ ಆಸ್ಪತ್ರೆ ಕಟ್ಟಡಕ್ಕೆ ಅವಳು ಬಂದದ್ದು ಮೇಸ್ತ್ರಿಯಾಗಿದ್ದ ಸೋದರಮಾವನ ಹಿಂದೆ, ಬಕೆಟ್ಟಿನಲ್ಲಿ ಸಂದು ಮುಚ್ಚುವ ಪುಟ್ಟಿ ಕಲಸುವುದಕ್ಕೆ. ಈಗ ಎಂಜಿನಿಯರ್ ಮೇಡಂ ಬಾಯಿಬಿಟ್ಟು ಹೇಳಿದ್ದರು: ಈ ಕೋಣೆಗಳ ಗೋಡೆ ಚೆನ್ನಾಗಿ ಬಂದರೆ ಮೇಲಿನ ಮಹಡಿ ಪೂರ್ತಿ ನಿನ್ನದೇ ಉಸ್ತುವಾರಿ. ಕೆಟ್ಟರೆ ಮತ್ತೆ ಅದೇ ಬಕೆಟ್ಟು. ಅದಕ್ಕೇ ಮಾವ ಕೈಯಲ್ಲಿ ಹಿಡಿಯುವ ಹೊಸ ಟೇಪ್ ಪೆಟ್ಟಿಗೆಯನ್ನು ತಂದುಕೊಟ್ಟಿದ್ದ. ಒಳಗೆ ಟೇಪಿನ ಸುರುಳಿ, ಪುಟ್ಟಿ ತುಂಬಿ ಎಳೆದರೆ ಸಾಕು, ಟೇಪು ಪುಟ್ಟಿ ಮೆತ್ತಿಕೊಂಡೇ ಹೊರಗೆ ಬರುತ್ತದೆ. ಅರ್ಧ ದಿನದ ಕೆಲಸ ಗಂಟೆಯಲ್ಲಿ!

ಅವಳು ಹಿಂದೆ ಮುಂದೆ ನೋಡದೆ ಮೇಡಂ ಹತ್ತಿರ ದೂರು ಕೊಟ್ಟಳು. ಮೇಡಂ ಪೇಂಟರನ್ನು ಕರೆಸಿ ಕೇಳಿದರು.

ಅವನು ಒಮ್ಮೆ ಅವಳ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪು ನಂದೇ ಮೇಡಂ. ಬ್ಲೇಡು ತಾಗಿಬಿಡ್ತು."

ಅವನನ್ನು ಹಿಂಬದಿಯ ಕಟ್ಟಡಕ್ಕೆ, ಕಿಟಕಿಯ ಸರಳಿಗೆ ಬಣ್ಣ ಹಚ್ಚಲು ಕಳಿಸಿದರು. ಅವಳು ಗೆದ್ದಳು. ಆದರೂ ಮನಸ್ಸಿಗೆ ಸಮಾಧಾನವೇ ಇಲ್ಲ!

"ಎಂಥ ಬಾಯಿ ನಿಂದು ಕೂಸೇ," ಎಂದ ಮಾವ. "ಆ ಮನುಷ್ಯ ಒಂದು ಮಾತೂ ಎದುರಾಡಲಿಲ್ಲ. ಪಾಪ!"

"ನೀನೂ ಅವರ ಕಡೇನಾ ಮಾವ?"

ಮುಖ ಊದಿಸಿಕೊಂಡೇ ಅವಳು ಸೀಳಿದ ಟೇಪನ್ನು ತೆಗೆಯಲು ಹೋದಳು. ಉಗುರು ಹಾಕಿದ್ದೇ ತಡ, ಅಷ್ಟುದ್ದ ಟೇಪು ಸರಾಗವಾಗಿ ಕೈಗೆ ಬಂತು. ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಬರೀ ಕಾಗದ. ಪುಟ್ಟಿಯ ಸುಳಿವೇ ಇಲ್ಲ!



ಪಕ್ಕದ ಸಂದನ್ನು ಬೆರಳಿಂದ ತಟ್ಟಿದಳು. ಟೊಳ್ಳು ಸದ್ದು. ಅದರ ಪಕ್ಕದ್ದೂ ಅಷ್ಟೇ. ಟೇಪಿನ ಅಡಿಯಲ್ಲಿ ಗಾಳಿ ಸೇರಿ ಗುಳ್ಳೆ ಎದ್ದಿತ್ತು. ಕರಣೆಯಲ್ಲಿ ಹಚ್ಚುವಾಗ ಮಾವ ಕಲಿಸಿದ್ದ ಗಟ್ಟಿ ಹದದಲ್ಲೇ ಪೆಟ್ಟಿಗೆಗೂ ಪುಟ್ಟಿ ತುಂಬಿದ್ದಳು. ಅಷ್ಟು ಗಟ್ಟಿ ಪುಟ್ಟಿ ಟೇಪಿಗೆ ಸರಿಯಾಗಿ ಮೆತ್ತುವುದಿಲ್ಲ. ಪೆಟ್ಟಿಗೆಯನ್ನು ಎಂದೂ ಹಿಡಿಯದ ಮಾವನಿಗಾದರೂ ಹೇಗೆ ಗೊತ್ತಾಗಬೇಕು?

ಕೆಳಗಡೆ ಎರಡು ಕಡೆ ಯಾರೋ ಗುಳ್ಳೆ ಕತ್ತರಿಸಿ, ಹೊಸ ಟೇಪು ಕೂರಿಸಿ, ಅಂಗೈಯಷ್ಟು ನುಣುಪಾಗಿ ಸವರಿದ್ದರು. ಯಾರೋ ಏನು... ಅವನೇ!

'ಅಯ್ಯೋ ದೇವರೇ! ನನ್ನ ಮಾನ ಉಳಿಸೋಕೆ ನಿಂತವರನ್ನ ಕಳ್ಳನ ಹಾಗೆ ಹಿಡಿದುಕೊಟ್ಟೆನಲ್ಲ...'

ಸುಮ್ಮನಿದ್ದರೆ ಮಹಡಿ ಅವಳದೇ. ಮೇಲೆ ಬಣ್ಣ ಬಿದ್ದರೆ ಸದ್ಯಕ್ಕೆ ಯಾರಿಗೂ ಕಾಣುವುದಿಲ್ಲ. ಅವಳು ಒಂದು ಕ್ಷಣ ಹಾಗೆ ಯೋಚಿಸಿದ್ದೂ ನಿಜ. ಆಮೇಲೆ ಆ ಖಾಲಿ ಕಾಗದವನ್ನು ಹಿಡಿದುಕೊಂಡು ನೇರವಾಗಿ ಮೇಡಂ ಎದುರು ನಿಂತಳು.

"ಅವರದ್ದೇನೂ ತಪ್ಪಿಲ್ಲ ಮೇಡಂ, ಎಲ್ಲಾ ನಂದೇ. ಮಹಡಿ ಕೊಡದಿದ್ರೂ ಪರವಾಗಿಲ್ಲ... ಅವರನ್ನ ವಾಪಸ್ ಕರೆಸಿ."

ಮೇಡಂ ಕಾಗದ ನೋಡಿದರು. "ಮೊದಲು ಗೋಡೆ ಸರಿ ಮಾಡು. ಮಹಡಿ ವಿಷಯ ಆಮೇಲೆ. ಅವನನ್ನ ನೀನೇ ಹೋಗಿ ಕರಿ."

ಅವನು ಕಿಟಕಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಮೂಗಿನ ತುದಿಗೆ ಹಸಿರು ಬಣ್ಣ ತಾಗಿತ್ತು.

"ನನ್ನ ಮಾತನ್ನ ಹೊಟ್ಟೆಗೆ ಹಾಕ್ಕೊಳ್ಳಿ," ಎನ್ನುತ್ತಾ ಅವಳು ಅವನ ಎದುರಿಗೇ ಕೂತಳು. "ಅಲ್ಲಾ, ಆಗಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ನೀವು ಬೈಯೋದಕ್ಕೆ ಬಿಡುವೇ ಕೊಡಲಿಲ್ಲವಲ್ಲ!"

ಅಳು ಬರುವ ಹೊತ್ತಲ್ಲಿ ಅವಳಿಗೆ ನಗು ಬಂತು.

"ಮೇಡಂ ಮುಂದೆ ಯಾಕೆ ಹೇಳಲಿಲ್ಲ?"

"ಮೇಲಿನ ಮಹಡಿ ನಿಮಗೆ ಸಿಗುತ್ತೆ ಅಂತ ಸೈಟಲ್ಲೆಲ್ಲ ಮಾತು. ನನ್ನ ಬಾಯಿಂದ ಅದು ಕೈತಪ್ಪೋದು ಬೇಡ ಅನ್ನಿಸ್ತು... ಅಷ್ಟೇ."

ಮುಖ ಪರಿಚಯವೂ ಇಲ್ಲದವಳಿಗೆ ಇಷ್ಟು! ಕೃತಜ್ಞತೆಯಿಂದ ಕಣ್ಣು ತುಂಬಿ ಬಂತು.

ಇಬ್ಬರೂ ಸೇರಿ ಗೋಡೆ ಸರಿಪಡಿಸಿದರು. ಪುಟ್ಟಿಗೆ ಎಷ್ಟು ನೀರು ಬೇಕೆಂದು ಅವನು ತೋರಿಸಿದ. ಅವಳು ಪೆಟ್ಟಿಗೆ ಎಳೆದಳು. ಈ ಸಲ ಟೇಪು ಒದ್ದೆಯಾಗಿ, ತುಂಬಿಕೊಂಡು ಬಂತು. ಒಂದು ಕೋಣೆ ಮುಗಿದು ಇನ್ನೊಂದು ಶುರುವಾಯಿತು, ಹೀಗೇ ವಾರಗಳು ಕಳೆದವು. ಅವಳು ಟೇಪು ಒತ್ತುತ್ತಾ ಹೋದಳು, ಅವನು ಬಣ್ಣ ಬಳಿಯುತ್ತಾ ಬಂದ. ಊಟದ ಡಬ್ಬಿ ಎರಡಾದರೂ ತಿನ್ನುವುದು ಒಟ್ಟಿಗೇ ಆಯಿತು. ಮಾವ ಕಂಡೂ ಕಾಣದ ಹಾಗೆ ಬೇರೆ ಮೂಲೆಯಲ್ಲಿ ಕೂತು ಉಣ್ಣತೊಡಗಿದ. ನೋಡಿ, ಮಾವ ಅಂದರೆ ಹೀಗಿರಬೇಕು!

ಕೊನೆಗೆ ಮೇಡಂ ಬಂದರು. ಗೋಡೆಗೆ ಓರೆಯಾಗಿ ದೀಪ ಹಿಡಿದು ಉದ್ದಕ್ಕೂ ನೋಡಿದರು. ಅವಳು ಬೆಳಕಿನ ಹಿಂದೆಯೇ ಹೆಜ್ಜೆ ಹಾಕಿದಳು.

"ನಾಳೆಯಿಂದ ಮೇಲಿನ ಮಹಡಿ ಶುರು ಮಾಡು. ಪೇಂಟರ್ ಯಾರು ಬೇಕು ಅಂತ ನೀನೇ ಹೇಳು."

ಮಾವ ಸುಮ್ಮಸುಮ್ಮನೆ ಕೆಮ್ಮಿದ.

"ಇವರೇ ಬೇಕು ಮೇಡಂ!" ಎಂದುಬಿಟ್ಟಳು. ಕೆನ್ನೆ ಕೆಂಪೇರಿತು.

ಮೇಡಂ ಮುಂದೆ ಹೋದರು, ಮಾವನೂ ಅವರ ಹಿಂದೆ. ಅವನು ಮೆಲ್ಲಗೆ ಕೇಳಿದ.

"ಮಹಡಿ ಮುಗಿಯೋವರೆಗೆ ಮಾತ್ರಾನಾ?"

"ಅಲ್ಲ... ಕೊನೇವರೆಗೂ. ನಿಮ್ಮಂಥವರು ನನಗೆ ಸಿಕ್ಕಿದ್ದೇ ಪುಣ್ಯ. ಆದ್ರೆ ಒಂದು ಷರತ್ತು. ನಾನು ತಪ್ಪು ಮಾಡಿದ್ರೆ ಕದ್ದು ಸರಿಮಾಡಬಾರದು. ಮುಖಕ್ಕೇ ಹೇಳಬೇಕು."

"ಹಾಗಾದ್ರೆ ಈಗಲೇ ಒಂದು ಹೇಳ್ಲಾ?"

"ಏನು?" ಅವಳು ಗಾಬರಿಯಿಂದ ಗೋಡೆಯತ್ತ ನೋಡಿದಳು.

"ಈ ಮಾತನ್ನ ಮೊದಲು ನಾನು ಹೇಳಬೇಕಿತ್ತು. ಎಷ್ಟೋ ದಿನದಿಂದ ಅಂದ್ಕೊಳ್ತಾನೇ ಇದ್ದೆ. ನೀವೇ ಹೇಳ್ಬಿಟ್ರಿ!"

ಅವಳು ನಗುತ್ತಾ ಕಣ್ಣೊರೆಸಿಕೊಂಡಳು.

"ಅದಕ್ಕೇನಂತೆ... ಈಗ ಹೇಳಿ. ಕೇಳ್ತೀನಿ."