ಪರದೆಯ ಅಂಚಿನ ಹೊಲಿಗೆ

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮಲಾಕ್ಕಾದ ಹಳೇಪೇಟೆ ಠಾಣೆಗೆ ಒಬ್ಬ ಮನುಷ್ಯ ಬಂದು, ತನ್ನ ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಜೇಬಿನಲ್ಲಿ ಹೋಟೆಲ್ ಕೋಣೆಯ ಕಾರ್ಡು. ಹೆಸರು ಲೀವ್ ಕೊಕ್ ಸೆಂಗ್, ವಯಸ್ಸು ಐವತ್ತೊಂದು. ಸೆರೆಂಬಾನ್ ಊರಿನಲ್ಲಿ ಕಿಟಕಿ ಪರದೆಗಳ ಅಂಗಡಿ ಇಟ್ಟುಕೊಂಡವನು. ಶುಕ್ರವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಎರಡು ದಿನ ಹಾಯಾಗಿ ಇದ್ದು ಹೋಗಲು ನದೀ ದಂಡೆಯ ಹೋಟೆಲಿಗೆ ಬಂದಿದ್ದರು.

ಇನ್ಸ್‌ಪೆಕ್ಟರ್ ಸುಹೈಮಿ ತಾನೇ ಎಫ್‌ಐಆರ್ ಬರೆದುಕೊಂಡ.

"ಕೊನೇ ಸಲ ನೋಡಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ ಏಳಕ್ಕೆ. ಸುಮ್ನೆ ನಡ್ಕೊಂಡು ಬರ್ತೀನಿ ಅಂತ ಹೋದ್ಳು. ಹೆಸರು ಯಾಪ್ ಸಿವ್ ಚಿನ್."

"ಫೋನು?"

"ಕೋಣೇಲೇ ಬಿಟ್ಟು ಹೋಗಿದಾಳೆ."

"ಜಗಳ ಗಿಗಳ?"

"ಇಲ್ಲ. ಎರಡು ದಿನಾನೂ ಖುಷಿಯಾಗಿದ್ಲು. ಹೋಟೆಲಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಸುಹೈಮಿ ಅದನ್ನೂ ಬರೆದುಕೊಂಡ. ಮೂರು ವರ್ಷದ ಹಿಂದೆ ದೋಣಿ ಮಗುಚಿ ಸತ್ತ ಶಾಲಾಮಕ್ಕಳ ಗುರುತನ್ನು ಅಪ್ಪ ಅಮ್ಮಂದಿರಿಂದ ಹಿಡಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಅಂದಿನಿಂದ ಅವನೊಳಗೆ ಏನೋ ಮರಗಟ್ಟಿತ್ತು. ಉಪ್ಪು ಖಾರ ನಾಲಿಗೆಗೆ ತಿಳಿಯುತ್ತಿತ್ತು, ಅದಕ್ಕಿಂತ ಒಳಕ್ಕೆ ಯಾವುದೂ ಇಳಿಯುತ್ತಿರಲಿಲ್ಲ. ಕೆಲಸದಲ್ಲಿ ಇದರಿಂದ ಅನುಕೂಲವೇ ಆಗಿತ್ತು. ಆದರೆ ಎದುರಿಗೆ ಕೂತವನ ಮುಖ ಅಷ್ಟೇ ಖಾಲಿಯಾಗಿದ್ದುದು ಅವನಿಗೆ ವಿಚಿತ್ರ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಒಂದೂವರೆಗೆ ಅವನೂ ಕಾರ್ಪೊರಲ್ ಲೆಚ್ಚುಮಿಯೂ ಹೋಟೆಲಿಗೆ ಹೋದರು. ಲೆಚ್ಚುಮಿ ಠಾಣೆಯಲ್ಲಿ ಹನ್ನೆರಡು ವರ್ಷ ಸವೆಸಿದ ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಹೋಟೆಲಿನ ಹುಡುಗರು ಒಬ್ಬೊಬ್ಬರಾಗಿ ಬಂದು ಒಂದೇ ಮಾತು ಹೇಳಿದರು. ಆ ಮೇಡಂ ಒಳ್ಳೆಯವರು, ನಗುನಗುತ್ತ ಇದ್ದರು, ಈಜುಕೊಳದಲ್ಲಿ ಎದೆಯವರೆಗೆ ನೀರಲ್ಲಿ ಕೂತು ಎರಡು ಗಂಟೆ ಆದರೂ ಏಳುತ್ತಿರಲಿಲ್ಲ, ಬೆಳಗಿನ ತಿಂಡಿಗೆ ನಾಸಿ ಲೆಮಾಕ್ ಎರಡು ಸಲ ಹಾಕಿಸಿಕೊಂಡಿದ್ದರು.

"ಮುಖ ಹೇಗಿತ್ತು?" ಸುಹೈಮಿ ಕೇಳಿದ.

ರಿಸೆಪ್ಷನ್ನಿನ ಹುಡುಗ ತಲೆ ಕೆರೆದುಕೊಂಡ. "ದೊಡ್ಡ ಟೋಪಿ, ತುವಾನ್ ಸಾಹೇಬ್ರೆ. ಕಪ್ಪು ಕನ್ನಡಕ. ಒಳಗೆ ಬರುವಾಗ ಹೋಗುವಾಗ ಬಾಯಿಗೆ ಮಾಸ್ಕು."

ಗಂಡ ತನ್ನ ಫೋನಿನಲ್ಲಿದ್ದ ಫೋಟೋಗಳನ್ನು ತೋರಿಸಿದ. ಬಾಲ್ಕನಿಯಲ್ಲಿ ನದಿ ನೋಡುತ್ತ ನಿಂತ ಹೆಂಗಸು, ಸೇತುವೆಯ ಮೇಲೆ ಹೆಂಗಸು, ಚೆಂಡೋಲ್ ಪಾನಕದ ಅಂಗಡಿಯ ಮುಂದೆ ಹೆಂಗಸು. ಎಲ್ಲದರಲ್ಲೂ ಹೂವಿನ ನಿಲುವಂಗಿ, ಟೋಪಿ, ಬೆನ್ನು.

ಅವನು ಆಚೆ ಹೋದ ಮೇಲೆ ಲೆಚ್ಚುಮಿ ಮೆಲ್ಲಗೆ ಹೇಳಿದಳು: "ನಮ್ಮನೆಯವರು ನನ್ನ ಫೋಟೋ ತೆಗೆದ್ರೆ ಮೂಗಿನ ಹೊಳ್ಳೆ ಮಾತ್ರ ಬರುತ್ತೆ. ಆದ್ರೂ ಮುಖ ಅಂತ ಒಂದಿರುತ್ತೆ ತುವಾನ್. ಈ ಮನುಷ್ಯನಿಗೆ ಹೆಂಡ್ತಿ ಬೆನ್ನು ಬಿಟ್ರೆ ಬೇರೇನೂ ಕಾಣಿಸ್ಲಿಲ್ವಾ?"

ಹೋಟೆಲಿನ ಇಬ್ಬರು ನೌಕರರನ್ನು ಸಾಕ್ಷಿಗೆ ಇಟ್ಟುಕೊಂಡು ಕೋಣೆಯ ಪಂಚನಾಮೆ ಮಾಡಿದರು. ರಕ್ತದ ಕಲೆಯಿಲ್ಲ, ಎಳೆದಾಟದ ಗುರುತಿಲ್ಲ. ಹಾಸಿಗೆಯ ಚಾದರ ಒಂದು ಸುಕ್ಕಿಲ್ಲದೆ ಬಿಗಿದಿತ್ತು. ಕೋಣೆ ಗುಡಿಸುವವರು ಇನ್ನೂ ಬಂದಿರಲಿಲ್ಲ, ಉಳಿದುಕೊಂಡವರೇ ಹಾಸಿದ್ದು. ಬಚ್ಚಲಿನ ನಲ್ಲಿಗಳನ್ನು ಒರೆಸಿ ಒಣಗಿಸಿತ್ತು. ಮೇಜಿನ ಮೇಲೆ ಹೋಟೆಲಿನವರು ಇಡುವ ಸೂಜಿದಾರದ ಪೊಟ್ಟಣ ಬಿಚ್ಚಿತ್ತು, ಕಂದು ದಾರ ಖಾಲಿಯಾಗಿತ್ತು.

ಆ ದಾರ ಎಲ್ಲಿ ಹೋಯಿತೆಂದು ಸುಹೈಮಿ ಹುಡುಕಿದ. ಬಟ್ಟೆಬರೆಯಲ್ಲಿ ಸಿಗಲಿಲ್ಲ. ಕೊನೆಗೆ ಕಿಟಕಿಯ ಪರದೆಯ ಕೆಳ ಅಂಚು ಎತ್ತಿ ನೋಡಿದ. ಒಂದು ಮಾರು ಉದ್ದಕ್ಕೆ ಹಳೆಯ ಹೊಲಿಗೆ ಬಿಟ್ಟುಹೋಗಿದ್ದ ಕಡೆ ಯಾರೋ ಹೊಸದಾಗಿ ಕೈಹೊಲಿಗೆ ಹಾಕಿದ್ದರು. ಮುಂದಿನಿಂದ ನೋಡಿದರೆ ಒಂದು ಎಳೆಯೂ ಕಾಣದಂಥ ಹೊಲಿಗೆ. ಅದರ ಫೋಟೋ ತೆಗೆಸಿ ಪಂಚನಾಮೆಗೆ ಸೇರಿಸಿದ. ತನಿಖೆ ಮುಗಿಯುವವರೆಗೆ ಊರು ಬಿಡಬಾರದು ಎಂದು ಗಂಡನಿಗೆ ಹೇಳಿದಾಗ, "ಆಗಲಿ, ಇಲ್ಲೇ ಇರ್ತೀನಿ," ಎಂದು ಅವನು ಸುಲಭವಾಗಿ ಒಪ್ಪಿಕೊಂಡ.

ಠಾಣೆಯಿಂದ ಸುದ್ದಿ ಹೋದ ಮೇಲೆ, ಸಂಜೆ ಸೆರೆಂಬಾನಿನಿಂದ ಸಿವ್ ಚಿನ್‌ಳ ತಾಯಿ ಬಸ್ಸು ಹಿಡಿದು ಒಬ್ಬಳೇ ಬಂದಳು. ಹೆಸರು ಗೋ ಬೀ ಹೂನ್. ಎಪ್ಪತ್ತು ದಾಟಿದ, ನೇರವಾಗಿ ಕೂರುವ ಮುದುಕಿ. ಹೋಟೆಲಿನ ಕ್ಯಾಮೆರಾಗಳಲ್ಲಿ ಸಿಕ್ಕಿದ್ದ ದೃಶ್ಯವನ್ನು ಸುಹೈಮಿ ಆಕೆಗೆ ತೋರಿಸಿದ. ಕೊಳದಲ್ಲಿ ಟೋಪಿ, ತೋಳಿಲ್ಲದ ಹೂವಿನ ನಿಲುವಂಗಿ ಹಾಕಿಕೊಂಡು ಕೂತ ಹೆಂಗಸು ಅಂಗೈಯಿಂದ ನೀರನ್ನು ಮೆಲ್ಲಗೆ ತಟ್ಟುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

"ಇನ್ನೊಂದ್ಸಲ ಹಾಕಿ," ಎಂದಳು ಮುದುಕಿ. ಎರಡನೇ ಸಲವೂ ಕಣ್ಣು ಮಿಟುಕಿಸದೆ ನೋಡಿದಳು. "ಟೋಪಿ ನನ್ನ ಮಗಳದ್ದು. ನಿಲುವಂಗೀನೂ ಅವಳದ್ದೇ, ನಾನೇ ಕೊಡಿಸಿದ್ದು. ಒಳಗಿರೋಳು ಅವಳಲ್ಲ."

"ಖಂಡಿತಾನಾ ಆಂಟಿ?"

"ಅವಳು ನೀರಿಗಿಳಿಯೋಳಲ್ಲಪ್ಪ. ಇಷ್ಟು ಖುಷಿಯಾಗಿ ಇದ್ದೋಳೂ ಅಲ್ಲ. ಮೊದಲನೇ ಸಲ ಹಾಕಿದಾಗಲೇ ಗೊತ್ತಾಯ್ತು. ಅವಳೇ ಆಗಿರಬಾರದಾ ಅಂತ ಇನ್ನೊಂದ್ಸಲ ನೋಡಿದೆ."

"ಹೊಲಿಗೆ ಮಾಡ್ತಿದ್ರಾ?"

"ಗುಂಡಿ ಬಿದ್ದುಹೋದ್ರೂ ದರ್ಜಿ ಹತ್ರ ಓಡೋಳು. ಪರದೆ ಅಂಗಡಿಯವನ ಹೆಂಡ್ತಿಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ ಅಂತ ನಾವೆಲ್ಲ ಆಡ್ಕೊಂಡು ನಗ್ತಿದ್ವಿ."

"ಕೊನೇ ಸಲ ಮಾತಾಡಿದ್ದು?"

"ಗುರುವಾರ ಸಂಜೆ. ಹೋಟೆಲ್ ಗೊತ್ತು ಮಾಡಿದೀನಿ ಅಮ್ಮ ಅಂದ್ಲು. ಎರಡು ದಿನ ಎದುರುಬದುರು ಕೂತು ಮಾತಾಡ್ತೀವಿ, ಒಟ್ಟಿಗೆ ಇರೋದಾ ಬೇಡವಾ ಅಂತ ಅಲ್ಲೇ ತೀರ್ಮಾನ ಮಾಡ್ತೀವಿ ಅಂದ್ಲು. ಆಮೇಲೆ ಫೋನ್ ಬರಲಿಲ್ಲ. ಮಾತಾಡ್ತಾ ಇರಬೇಕು ಅಂದ್ಕೊಂಡೆ."

ಮುದುಕಿಯನ್ನು ಊರಿನಲ್ಲಿದ್ದ ಆಕೆಯ ತಂಗಿಯ ಮನೆಗೆ ಕಳಿಸಿ, ಸುಹೈಮಿ ಮೇಲಧಿಕಾರಿಗೆ ವಿಷಯ ತಿಳಿಸಿದ. ಕಾಣೆಯಾದವರ ದೂರು ಅಲ್ಲಿಗೆ ಬೇರೆ ದಾರಿ ಹಿಡಿಯಿತು. ಕೊಕ್ ಸೆಂಗ್‌ನ ಮೇಲೆ ಕಣ್ಣಿಡಲು ಹೋಟೆಲಿನಲ್ಲಿ ಮಫ್ತಿಯ ಇಬ್ಬರು ಕೂತರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸುಹೈಮಿ, ಲೆಚ್ಚುಮಿ ಮತ್ತು ಸೆರೆಂಬಾನ್ ಠಾಣೆಯ ಒಬ್ಬ ಅಧಿಕಾರಿ ಆ ಹೊಲಿಗೆಯ ಕೈಯನ್ನು ಹುಡುಕಿಕೊಂಡು ಕೊಕ್ ಸೆಂಗ್‌ನ ಪರದೆ ಅಂಗಡಿಯ ಮಹಡಿ ಹತ್ತಿದರು. ನಾಲ್ವರು ಹೆಂಗಸರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮೂವರು ದಿನವಿಡೀ ಮಹಡಿಯ ನೆರಳಿನಲ್ಲಿರುವವರ ಬಿಳಿಚು ಬಣ್ಣದವರು. ನಾಲ್ಕನೆಯವಳ ಮೂಗಿನ ತುದಿಯೂ ಭುಜಗಳೂ ಬಿಸಿಲಿಗೆ ಸುಟ್ಟು ಕೆಂಪಾಗಿದ್ದವು.

ಸುಹೈಮಿ ಅವಳ ಮುಂದೆ ಪರದೆಯ ಫೋಟೋ ಇಟ್ಟ. "ಈ ಹೊಲಿಗೆ ಯಾರದ್ದಮ್ಮ?"

"ನಂದೇ," ಎಂದಳು ಅವಳು ಒಡನೆಯೇ. ಆಮೇಲೆ ಸಮವಸ್ತ್ರ ನೋಡಿ ಎದ್ದು ನಿಂತಳು. "ಅಂಚು ಜೋತು ಬಿದ್ದಿತ್ತು ತುವಾನ್. ಅಷ್ಟು ಒಳ್ಳೇ ಬಟ್ಟೆ. ಕಣ್ಣಿಗೆ ಬಿದ್ದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ಹೋಟೆಲಿನವರು ದೂರು ಕೊಟ್ರಾ?"

ಹೆಸರು ಚೊಂಗ್ ಮುಯ್ ಲಾನ್. ಮದುವೆಯಿಲ್ಲ. ಅಣ್ಣನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವಳು. ಲೆಚ್ಚುಮಿ ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ನೀರು ಕುಡಿಸಿ ಪಕ್ಕದಲ್ಲೇ ಕೂತಳು.

"ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದದ್ದು ಯಾರು?" ಸುಹೈಮಿ ಕೇಳಿದ.

"ಧಣಿಗಳು. ಅಮ್ಮಾವ್ರು ಮುನಿಸಿಕೊಂಡು ಬರಲ್ಲ ಅಂದ್ರಂತೆ, ಕೋಣೆ ಸುಮ್ನೆ ಹಾಳಾಗುತ್ತೆ, ನೀನಾದ್ರೂ ಬಂದು ಎರಡು ದಿನ ಇದ್ದು ಹೋಗು ಅಂದ್ರು. ಗುರುತಿನವರು ನೋಡಿದ್ರೆ ಬಾಯಿಗೆ ಬಂದಂಗೆ ಆಡ್ಕೋತಾರೆ, ಅಮ್ಮಾವ್ರ ಟೋಪಿ ಬಟ್ಟೆ ಹಾಕ್ಕೋ ಅಂದ್ರು. ಭಾನುವಾರ ಬೆಳಿಗ್ಗೆ ಟೋಪಿ ಚೀಲಕ್ಕೆ ಹಾಕ್ಕೊಂಡು ಮೊದಲ ಬಸ್ಸಿಗೆ ಹೋಗು ಅಂದ್ರು. ಹಂಗೇ ಮಾಡಿದೆ."

"ನಿಮ್ಮ ಮೇಲೆ ಕೈ ಹಾಕಿದ್ನಾ?" ಲೆಚ್ಚುಮಿ ಕೇಳಿದಳು.

"ಇಲ್ಲಕ್ಕ. ನಾನೂ ಅದೇ ಹೆದರಿಕೇಲಿ ಮೊದಲನೇ ರಾತ್ರಿ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು ಕೂತೆ. ಎಷ್ಟು ಹೊತ್ತಾದ್ರೂ ಸದ್ದಿಲ್ಲ. ಬಾಗಿಲು ಸಂದಿಲಿ ನೋಡಿದ್ರೆ ಧಣಿಗಳು ಬಾಲ್ಕನೀಲಿ ಕುರ್ಚಿ ಹಾಕ್ಕೊಂಡು ಕೂತಿದ್ರು. ಎರಡು ರಾತ್ರೀನೂ ಅಲ್ಲೇ. ಮಾತಿಲ್ಲ ಕತೆಯಿಲ್ಲ. ಆಮೇಲೆ ನಾನು ಹೆದರೋದು ಬಿಟ್ಟೆ. ಅಷ್ಟಗಲ ಹಾಸಿಗೇಲಿ ಅಡ್ಡಡ್ಡ ಮಲಗಿದೆ." ಹೇಳುತ್ತಲೇ ಅವಳ ಮುಖ ಒಂದು ಕ್ಷಣ ಅರಳಿತು. ಆಮೇಲೆ ಎದುರಿನ ಇಬ್ಬರ ಮುಖ ನೋಡಿದಳು. "ಅಮ್ಮಾವ್ರಿಗೆ ಗೊತ್ತಾಯ್ತಾ? ಬೈದ್ರಾ?"

ಲೆಚ್ಚುಮಿ ಸುಹೈಮಿಯ ಕಡೆ ತಿರುಗಿದಳು. ಹೇಳುವ ಕೆಲಸ ಸುಹೈಮಿಯದ್ದಾಯಿತು. ಸಿವ್ ಚಿನ್ ಶುಕ್ರವಾರಕ್ಕೂ ಮುಂಚೆಯೇ ತೀರಿಹೋಗಿರಬೇಕೆಂದು ಅವನು ಸಾದಾ ಮಾತಿನಲ್ಲಿ ತಿಳಿಸಿದ. ಮುಯ್ ಲಾನ್ ಅಳಲಿಲ್ಲ. ಸುಟ್ಟ ಭುಜಗಳ ಮೇಲೆ ಅಂಗಿಯ ಅಂಚನ್ನು ಎಳೆದುಕೊಂಡಳು.

"ನಾನು ಅವರ ಬಟ್ಟೆ ಹಾಕ್ಕೊಂಡು ನಗ್ತಾ ಕೂತಿದ್ದೆ," ಎಂದಳು.

"ನಿಂಗೇನು ಗೊತ್ತಿತ್ತಕ್ಕ," ಎಂದಳು ಲೆಚ್ಚುಮಿ.

"ಅಂಥಾ ಎರಡು ದಿನ ನನ್ನ ಜನ್ಮದಲ್ಲೇ ಬಂದಿರಲಿಲ್ಲ. ಇನ್ನು ಅದನ್ನ ಎಲ್ಲಿ ಇಟ್ಕೊಳ್ಳಲಿ?"

ಲೆಚ್ಚುಮಿ ನೀರಿನ ಲೋಟವನ್ನು ಮತ್ತೆ ಅವಳ ಕೈಗಿಟ್ಟಳು. ಅವಳ ಹೇಳಿಕೆ ಬರೆದುಕೊಂಡು, ಓದಿ ಹೇಳಿ, ರುಜು ಹಾಕಿಸಿದರು. ಅಷ್ಟರಲ್ಲಿ ಸೆರೆಂಬಾನ್ ಪೊಲೀಸರು ಕೊಕ್ ಸೆಂಗ್‌ನ ಮನೆಯ ಬೀಗ ತೆಗೆಸಿದ್ದರು. ಮಹಡಿ ಮೆಟ್ಟಿಲ ಬುಡದ ಕಲ್ಲುಹಾಸಿನ ಸಂದುಗಳಲ್ಲಿ ತೊಳೆದರೂ ಹೋಗದ ಕಲೆ ಸಿಕ್ಕಿತು.

ಮಧ್ಯಾಹ್ನ ಒಂದು ಗಂಟೆಗೆ ಮಲಾಕ್ಕಾದ ಹೋಟೆಲಿನ ಊಟದ ಮನೆಯಲ್ಲಿ ಕೊಕ್ ಸೆಂಗ್‌ನನ್ನು ಬಂಧಿಸಿದರು. ಸುಹೈಮಿ ಫೋನಿನಲ್ಲಿ ಅಪ್ಪಣೆ ಕೊಟ್ಟಾಗ ಅವನು ಮೀನಿನ ಸಾರು ಅನ್ನ ಊಟ ಮಾಡುತ್ತಿದ್ದನಂತೆ. ಮಫ್ತಿಯವರು ಹೆಸರು ಹೇಳಿ ಕೈ ಹಿಡಿದಾಗ, ತಟ್ಟೆಯಲ್ಲಿದ್ದದ್ದು ಮುಗಿಸಬಹುದೇ ಎಂದು ಕೇಳಿ, ಮುಗಿಸಿ, ಎದ್ದ. ಸಂಜೆ ಅವನೇ ದಾರಿ ತೋರಿಸಿದ. ಲಿಂಗಿ ರಸ್ತೆಯಿಂದ ಒಳಗೆ, ಒಂದು ಎಣ್ಣೆತಾಳೆ ತೋಟದ ಕಾಲುವೆಯ ಬದಿಯಲ್ಲಿ ಮಣ್ಣು ಅಗೆದು ಶವವನ್ನು ಹೊರತೆಗೆದರು. ಎರಡು ಪದರ ಪರದೆ ಬಟ್ಟೆಯಲ್ಲಿ ಸುತ್ತಿತ್ತು. ಅಲ್ಲೇ ಪಂಚನಾಮೆ ಮುಗಿಸಿ, ಪ್ರಕರಣವನ್ನು ಕೊಲೆಯ ಕಲಂ 302ಕ್ಕೆ ಬದಲಾಯಿಸಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ವಿಚಾರಣೆಯ ಕೋಣೆಯಲ್ಲಿ ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಗುರುವಾರ ಏನಾಯ್ತು?"

"ಹೋಟೆಲಿಗೆ ಹೋಗೋಣ, ಎರಡು ದಿನ ಕೂತು ಮಾತಾಡೋಣ ಅಂದ್ಲು. ಮೆಟ್ಟಿಲು ಹತ್ತುತ್ತಾ ಇದ್ವಿ. ನಾನು ಬೇಡ ಅಂದೆ. ನೀನು ಮಾತಾಡಲೇಬೇಕು ಅಂತ ತೋಳು ಹಿಡಿದು ಅಲ್ಲಾಡಿಸಿದ್ಲು. ತಳ್ಳಿದೆ."

"ಬಿದ್ದ ಕೂಡ್ಲೇ ಜೀವ ಹೋಯ್ತಾ?"

"ಇಲ್ಲ. ಉಸಿರಾಡ್ತಿದ್ಲು."

"ಎಷ್ಟು ಹೊತ್ತು?"

"ಪಕ್ಕದ ಮನೆ ಟೀವೀಲಿ ವಾರ್ತೆ ಶುರುವಾಗಿ ಮುಗೀತು. ಆಮೇಲೂ ಸ್ವಲ್ಪ ಹೊತ್ತು."

"ಆಂಬುಲೆನ್ಸ್ ಯಾಕೆ ಕರೀಲಿಲ್ಲ?"

ಕೊಕ್ ಸೆಂಗ್ ಬಹಳ ಹೊತ್ತು ಯೋಚಿಸಿದ. ತಪ್ಪಿಸಿಕೊಳ್ಳುವ ಉತ್ತರ ಹುಡುಕುವವನ ಹಾಗಿರಲಿಲ್ಲ. ನಿಜ ಏನೆಂದು ತನಗೂ ತಿಳಿಯಬೇಕು ಎನ್ನುವವನ ಹಾಗಿತ್ತು.

"ಬದುಕಿದ್ರೆ ಹೋಟೆಲಿಗೆ ಹೋಗಬೇಕಿತ್ತು. ಎರಡು ದಿನ ಒಂದೇ ಕೋಣೇಲಿ ಕೂತು ಮಾತಾಡಬೇಕಿತ್ತು. ನನ್ನ ಹತ್ರ ಒಂದು ಮಾತೂ ಉಳಿದಿರಲಿಲ್ಲ ತುವಾನ್. ಅವಳ ಮೇಲೆ ಸಿಟ್ಟೂ ಇರಲಿಲ್ಲ. ಅದನ್ನ ಅವಳಿಗೆ ಹೇಗೆ ಹೇಳೋದು?"

"ಆ ಎರಡು ರಾತ್ರಿ ಬಾಲ್ಕನೀಲಿ ಕೂತು ಏನು ಯೋಚನೆ ಮಾಡಿದ್ರಿ?"

"ಏನೂ ಇಲ್ಲ. ನದಿ ನೋಡ್ತಿದ್ದೆ."

ಸುಹೈಮಿಯ ಕೈ ಬರೆಯುವುದನ್ನು ನಿಲ್ಲಿಸಿತು. ಮನೆಯಲ್ಲಿ ಹೆಂಡತಿ ಅವನನ್ನು ಇದೇ ಪ್ರಶ್ನೆ ಕೇಳುತ್ತಿದ್ದಳು. ಅವನು ಕೊಡುತ್ತಿದ್ದ ಉತ್ತರವೂ ಇದೇ, ನದಿಯೊಂದು ಇರುತ್ತಿರಲಿಲ್ಲ ಅಷ್ಟೇ. ಬೆನ್ನಿನ ಉದ್ದಕ್ಕೂ ಏನೋ ತಣ್ಣಗೆ ಹರಿದ ಹಾಗಾಯಿತು. ಅದು ಹೆದರಿಕೆಯೆಂದು ಗುರುತಿಸಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು. ಉತ್ತರ ಬರೆದು, ಹೇಳಿಕೆಯ ಕೆಳಗೆ ರುಜು ಹಾಕಿಸಿಕೊಂಡು, ಆರೋಪಿಯನ್ನು ಒಳಗೆ ಕಳಿಸಿದ.

ಹನ್ನೊಂದಕ್ಕೆ ಗೋ ಬೀ ಹೂನ್ ಠಾಣೆಗೆ ಬಂದು ಹಜಾರದ ಬೆಂಚಿನ ಮೇಲೆ ಕೂತಳು. ಸುಹೈಮಿ ಎದುರಿಗೆ ಕುರ್ಚಿ ಎಳೆದುಕೊಂಡ. ಶವಪರೀಕ್ಷೆ ಮುಗಿಯುವುದು ಯಾವಾಗ, ಮೃತದೇಹ ಕೊಡುವುದು ಯಾವಾಗ, ಎಲ್ಲ ಹೇಳಿದ. ಆಕೆ ತಲೆಯಾಡಿಸುತ್ತ ಕೇಳಿಸಿಕೊಂಡಳು.

"ಅವನು ಹೇಳಿದ್ದನ್ನೂ ಹೇಳಿ," ಎಂದಳು.

"ಅದು ಕೋರ್ಟಿನಲ್ಲಿ ಬರುತ್ತೆ ಆಂಟಿ."

"ಅಲ್ಲಿ ಹತ್ತು ಜನರ ಮಧ್ಯೆ ಕೇಳೋದಕ್ಕಿಂತ ಇಲ್ಲಿ ಕೇಳ್ತೀನಿ. ಹೇಳಿ."

ಅವನು ಹೇಳಿದ. ಮೆಟ್ಟಿಲು, ತಳ್ಳಿದ್ದು, ಉಸಿರು ಹೋಗಲು ಹಿಡಿದ ಹೊತ್ತು. ಏನನ್ನೂ ಕಡಿಮೆ ಮಾಡಲಿಲ್ಲ.

ಮುದುಕಿ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದಳು. "ಅಷ್ಟೂ ಹೊತ್ತು ಅವನು ಎಲ್ಲಿದ್ದ?"

"ಅಲ್ಲೇ ಕೂತಿದ್ದನಂತೆ. ಕೆಳಗಿನ ಮೆಟ್ಟಿಲ ಮೇಲೆ."

"ಎದ್ದು ಹೋಗಲಿಲ್ವಾ?"

"ಇಲ್ಲ."

"ಹಂಗಾದ್ರೆ ಒಬ್ಬಳೇ ಇರಲಿಲ್ಲ," ಎಂದಳು ಮುದುಕಿ, ಯಾರಿಗೂ ಅಲ್ಲದ ಹಾಗೆ. ಆಮೇಲೆ ತಾನು ಹೇಳಿದ ಮಾತು ತನಗೇ ಕೇಳಿಸಿದಂತೆ ತುಟಿ ಬಿಗಿಹಿಡಿದಳು.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಲೆಚ್ಚುಮಿ ಬಾಗಿಲಲ್ಲಿ ಬಂದು ನಿಂತು, ಹಾಗೇ ಹಿಂದಕ್ಕೆ ಹೋದಳು. ಸುಹೈಮಿ ಕುರ್ಚಿಯಿಂದ ಎದ್ದು, ಮುದುಕಿಯ ಪಕ್ಕಕ್ಕೆ ಬಂದು ಬೆಂಚಿನ ಮೇಲೆ ಕೂತ.